ಎರ್ಲಿಂದಾ ಕಟ್ಟುವ ಕೆಂಪು ದಾರ

ನದಿ ಏರಿಯ ಮೇಲೆ ಬೆಳಕು ಹರಿಯುವುದಕ್ಕೂ ಕಾರ್ಖಾನೆಯ ಹಳದಿ ಬಸ್ಸು ಬರುವುದಕ್ಕೂ ನಡುವೆ ಸಿಗುವ ಹೊತ್ತು ತೀರಾ ಕಡಿಮೆ. ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಎರ್ಲಿಂದಾ ಮೆಹೀಯಾ ತಮ್ಮ ತಗಡಿನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮಡಿಲ ಮೇಲೆ ಒಗೆದ ಟವೆಲು ಹಾಸಿಕೊಂಡು ಕೂತಿದ್ದಾರೆ. ಕಾಲ ಬಳಿ ಕಾಫಿಯ ಲೋಟ. ಅದು ಕುಡಿಯುವ ಮೊದಲೇ ಆರಿಹೋಗುವುದು ದಿನದ ರೂಢಿ. ಎದುರಿಗೆ ಹೆಂಗಸರ ಸಾಲು. ಎಲ್ಲರ ಮೈಮೇಲೂ ಕಾರ್ಖಾನೆಯ ನೀಲಿ ಅಂಗಿ, ಎಲ್ಲರ ಹೆಗಲ ಮೇಲೂ ಒಂದೊಂದು ಕೂಸು. ಕೆಳಗೆ ನದಿ ಕೆಸರು ಹೊತ್ತುಕೊಂಡು ಹರಿಯುತ್ತಿದೆ.

"ಮುಂದೆ ಬಾ, ಮುಂದೆ ಬಾ. ಮೊದಲು ಕಾಲುಚೀಲ ತೆಗಿ" ಎನ್ನುತ್ತಾರೆ ಎರ್ಲಿಂದಾ.

ಮೊದಲನೆಯ ಕೂಸಿಗೆ ಬಿಕ್ಕಳಿಕೆ. ನೂಲಿನ ಎಳೆಯೊಂದನ್ನು ಎಂಜಲಲ್ಲಿ ಒದ್ದೆ ಮಾಡಿ ಅದರ ಹಣೆಗೆ ಅಂಟಿಸುತ್ತಾರೆ. "ಇದು ಕಾಯಿಲೆ ಅಲ್ಲ ಕಣೇ, ಹೊಟ್ಟೆ ತುಂಬಿರೋ ಕೊಬ್ಬು. ಹೋಗು." ಎರಡನೆಯದಕ್ಕೆ ಹೊಟ್ಟೆ ಉಬ್ಬರ. ಬೆಚ್ಚಗಿನ ಎಣ್ಣೆಯಲ್ಲಿ ಅಂಗೈ ಅದ್ದಿ ಹೊಕ್ಕುಳ ಸುತ್ತ ನೀವುತ್ತಾರೆ. ಕೂಸು ಗಾಳಿ ಬಿಡುತ್ತದೆ, ಸಾಲಿನಲ್ಲಿ ನಗು ಏಳುತ್ತದೆ. "ನೋಡು, ನಿನ್ನ ಗಂಡನಿಗಿಂತ ಬೇಗ ಮಾತು ಕೇಳ್ತು" ಎಂದು ಎರ್ಲಿಂದಾ ಕೂಸನ್ನು ವಾಪಸ್ ಕೊಡುತ್ತಾರೆ.

ಹೊಂಡುರಾಸಿನ ಸುಲಾ ಕಣಿವೆಯ ಈ ನದಿ ಏರಿಯ ಮೇಲೆ ಮನೆ ಕಟ್ಟಿಕೊಂಡವರಿಗೆಲ್ಲ ಎರ್ಲಿಂದಾ ಗೊತ್ತು. ಮೈ ನೀವುವುದು ಅವರ ಕಸುಬು. ಸೊಬಾದೋರಾ ಅನ್ನುತ್ತಾರೆ ಇಲ್ಲಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಇವರಿಗೆ ಬಂದದ್ದು. ಪತ್ರಿಕೆಯಲ್ಲಿ ಇಂಥವರ ಹೆಸರು ಬರುವುದಿಲ್ಲ. ಬಂದರೂ 'ಮೂಢನಂಬಿಕೆಗೆ ಬಲಿ' ಎಂಬ ತಲೆಬರಹದ ಕೆಳಗೆ ಬರುತ್ತದೆ. ಆದರೆ ಏರಿಯ ಎಷ್ಟೋ ಕೂಸುಗಳು ಆಸ್ಪತ್ರೆಯ ತುರ್ತು ವಿಭಾಗದ ಒಳಗೆ ಕಾಲಿಟ್ಟು, ಬದುಕಿ ಹೊರಗೆ ಬಂದಿರುವುದು ಈ ಹೆಂಗಸು ಕಟ್ಟಿದ ಒಂದು ಕೆಂಪು ದಾರದಿಂದ. ಆ ದಾರದ ಕಥೆಯನ್ನು ಕೇಳಿದರೆ ಮೈ ಉರಿಯುತ್ತದೆ. ಉರಿಯಲೇಬೇಕು.

ಸಾಲಿನಲ್ಲಿ ಮೂರನೆಯವಳು ದಿಲ್ಸಿಯಾ. ಒಳಉಡುಪು ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಎಲಾಸ್ಟಿಕ್ ಕೂಡಿಸುವ ಕೆಲಸ. ಅವಳ ಹಿಂದೆ ಅತ್ತೆ ತ್ರಿನಿ, ತಲೆಗೆ ವಸ್ತ್ರ ಕಟ್ಟಿಕೊಂಡು, ತುಟಿ ಬಿಗಿ ಹಿಡಿದು ನಿಂತಿದ್ದಾರೆ. ದಿಲ್ಸಿಯಾಳ ಹೆಗಲ ಮೇಲಿರುವ ನಾಉಮ್‌ಗೆ ಇನ್ನೂ ಹಲ್ಲು ಬಂದಿಲ್ಲ. ಅದು ಅಳುತ್ತಿಲ್ಲ. ಅದನ್ನು ಕಂಡೇ ಎರ್ಲಿಂದಾ ಅವರ ಮುಖ ಬಿಗಿಯುತ್ತದೆ.

"ನೆತ್ತಿ ಬಿದ್ದಿದೆ ಎರ್ಲಿಂದಾ" ಎನ್ನುತ್ತಾರೆ ತ್ರಿನಿ. "ಭಾನುವಾರದಿಂದ ಹೊಟ್ಟೆ ಕೆಟ್ಟು ಹರೀತಾ ಇದೆ. ತಲೆಕೆಳಗೆ ಹಿಡಿದು ಅಂಗಾಲಿಗೆ ಬಡಿ. ನಿಮ್ಮಮ್ಮ ಬಡೀತಿದ್ಲಲ್ಲ, ಹಾಗೆ. ಇವಳಿಗೆ ಬಸ್ಸಿಗೆ ಹೊತ್ತಾಯ್ತು."

ಎರ್ಲಿಂದಾ ಬೆರಳ ತುದಿಯಿಂದ ನೆತ್ತಿ ಮುಟ್ಟುತ್ತಾರೆ. ಅಲ್ಲಿ ಬಟ್ಟಲಿನಂಥ ಗುಳಿ. ಹೊಟ್ಟೆಯ ಚರ್ಮ ಹಿಂಡಿ ಬಿಟ್ಟರೆ ಅದು ಹಾಗೇ ಮಡಿಕೆಯಾಗಿ ನಿಲ್ಲುತ್ತದೆ. ಕೂಸಿನ ಕೆನ್ನೆ ಚಿವುಟುತ್ತಾರೆ. ಬಾಯಿ ತೆರೆಯಿತು, ಸದ್ದು ಬಂತು, ಕಣ್ಣೀರು ಬರಲಿಲ್ಲ.

"ಬಡಿಯೋಲ್ಲ" ಎನ್ನುತ್ತಾರೆ.

"ಯಾಕೆ?"

"ಇದು ಎರಡು ಕೈ ಕೆಲಸ. ಒಂದು ಕೈ ನಂದು, ಇನ್ನೊಂದು ಕೈ ಆಸ್ಪತ್ರೆದು. ನಾನು ಗಂಟು ಹಾಕ್ತೀನಿ, ಅವರು ಬಿಚ್ಚಬೇಕು. ಗಂಟು ಮನೇಲಿ ಬಿಚ್ಚಿದ್ರೆ, ದಾರೀಲಿ ಬಿಚ್ಚಿದ್ರೆ, ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ. ಒಳಗೆ ಬಿಳಿ ಬಟ್ಟೆಯವರ ಕೈಯಲ್ಲೇ ಬಿಚ್ಚಿಸಬೇಕು."

ಹೇಳುತ್ತಲೇ ಅವರ ಕೈ ಅಂಗಿಯ ಜೇಬಿಗೆ ಹೋಗುತ್ತದೆ. ಕೆಂಪು ದಾರದ ಉಂಡೆ ಹೊರಬರುತ್ತದೆ. ನಾಉಮ್‌ನ ಎಡ ಪಾದದ ಗಂಟಿನ ಮೇಲೆ, ಬೆರಳು ತೂರುವಷ್ಟು ಸಡಿಲವಾಗಿ ದಾರ ಸುತ್ತಿ ಗಂಟು ಹಾಕುತ್ತಾರೆ.

ಬಸ್ಸಿನ ಹಾರ್ನು ಕೇಳಿಸುತ್ತದೆ. ಸಾಲು ಚದುರಿ, ಕೂಸುಗಳು ಅಜ್ಜಿಯರ ಕೈಗೆ, ಅಕ್ಕಂದಿರ ಕೈಗೆ, ಪಕ್ಕದ ಮನೆಯವರ ಕೈಗೆ ಜಾರುತ್ತವೆ. ದಿಲ್ಸಿಯಾ ಬಸ್ಸಿನ ಕಡೆ ನೋಡುತ್ತಾಳೆ, ಕೂಸಿನ ಕಡೆ ನೋಡುತ್ತಾಳೆ. ಹಿಂದೆ ಕೂಸಿಗೆ ಜ್ವರ ಬಂದಾಗಲೇ ಅವಳು ಗೈರುಹಾಜರಾಗಿದ್ದಳು. ಇನ್ನೊಂದು ಸಲ ಹೀಗಾದರೆ ಗೇಟಿನಿಂದಲೇ ಮನೆಗೆ ಎಂದು ಮೇಲ್ವಿಚಾರಕ ಎಲ್ಲರ ಮುಂದೆ ಹೇಳಿದ್ದಾನೆ.

"ನೀನು ಹೋಗು, ನಾನು ಕರ್ಕೊಂಡು ಹೋಗ್ತೀನಿ" ಎನ್ನುತ್ತಾರೆ ತ್ರಿನಿ.

ತ್ರಿನಿ ಕರೆದುಕೊಂಡು ಹೋಗುವುದು ಎಲ್ಲಿಗೆ ಎಂಬುದು ದಿಲ್ಸಿಯಾಳಿಗೂ ಗೊತ್ತು, ಎರ್ಲಿಂದಾ ಅವರಿಗೂ ಗೊತ್ತು. ಆಚೆ ಬೀದಿಯಲ್ಲಿ ಇನ್ನೊಬ್ಬ ನೀವುವವಳಿದ್ದಾಳೆ. ಅವಳು ಬಡಿಯುತ್ತಾಳೆ. ದಿಲ್ಸಿಯಾ ಕೂಸನ್ನು ಬಿಡುವುದಿಲ್ಲ. ಹಳದಿ ಬಸ್ಸು ಬಾಗಿಲು ಮುಚ್ಚಿಕೊಂಡು ಹೊರಡುತ್ತದೆ.

ಎರ್ಲಿಂದಾ ಟವೆಲು ಮಡಚಿ ಎದ್ದು ನಿಲ್ಲುತ್ತಾರೆ. "ನಾನೂ ಬರ್ತೀನಿ. ಈ ವಾರ ನನ್ನ ದಾರ ಕಟ್ಟಿಸ್ಕೊಂಡು ಹೋದೋರು ಅರ್ಧ ದಾರೀಲೇ ವಾಪಸ್ ಬಂದಿದಾರೆ. ಯಾಕೆ ಅಂತ ಕೇಳಿದ್ರೆ ಬಾಯೇ ಬಿಡೋಲ್ಲ. ನೋಡೇಬಿಡ್ತೀನಿ."

ಆಟೊದಲ್ಲಿ ಮೂವರು ಹೆಂಗಸರು, ಒಂದು ಕೂಸು. ಸಕ್ಕರೆ, ಉಪ್ಪು ಕದಡಿದ ನೀರನ್ನು ಎರ್ಲಿಂದಾ ಚಮಚದಲ್ಲಿ ಕೂಸಿನ ಬಾಯಿಗೆ ಬಿಡುತ್ತಾರೆ. ಅದು ಕಟವಾಯಿಯಿಂದ ಹೊರಗೆ ಹರಿಯುತ್ತದೆ.

ಕೂಸುಗಳು ಯಾಕೆ ಇಷ್ಟು ತಡವಾಗಿ ತುರ್ತು ವಿಭಾಗಕ್ಕೆ ಬರುತ್ತವೆ ಎಂದು ಕೇಳುವವರು ಬಹಳ ಜನ. ಪ್ರತಿವರ್ಷ ಯಾರೋ ಒಂದಷ್ಟು ಮಂದಿ ಕಾಗದ, ಪೆನ್ನು ಹಿಡಿದು ಏರಿಗೆ ಬಂದು, ತಾಯಂದಿರ ಅಜ್ಞಾನ ಎಂದು ಬರೆದುಕೊಂಡು ಹೋಗುತ್ತಾರೆ. ಎರ್ಲಿಂದಾ ಅವರ ಬಳಿ ಬೇರೆ ಉತ್ತರವಿದೆ. "ಕೂಸಿಗೆ ಕಾಯಿಲೆ ಬಂದಾಗ ಯಾರೂ ಆಸ್ಪತ್ರೆಗೆ ಕರ್ಕೊಂಡು ಹೋಗೋಲ್ಲ. ತಾಯಿಗೆ ರಜ ಸಿಕ್ಕಿದಾಗ ಕರ್ಕೊಂಡು ಹೋಗ್ತಾರೆ. ಅದೇನು ಅಜ್ಞಾನನಾ? ಹಾಗಾದ್ರೆ ಆ ಅಜ್ಞಾನ ಯಾರದು, ಹೇಳಿ."

ಅವರು ಹೇಳುವುದನ್ನು ಕೇಳುತ್ತಾ ಹೋದರೆ ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತದೆ. ಹೆತ್ತವಳ ಮೈ ಇನ್ನೂ ಹಸಿಯಾಗಿರುವಾಗಲೇ ಕಾರ್ಖಾನೆ ಕರೆಯುತ್ತದೆ. ಹೋಗದಿದ್ದರೆ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. ಎದೆಯಲ್ಲಿ ತುಂಬಿದ ಹಾಲನ್ನು ಕಾರ್ಖಾನೆಯ ಪಾಯಿಖಾನೆಯಲ್ಲಿ ಹಿಂಡಿ ನೆಲಕ್ಕೆ ಚೆಲ್ಲಿದ್ದೂ ಚೆಲ್ಲಿದ್ದೇ, ಕೊನೆಗೊಂದು ದಿನ ಅದೂ ಬತ್ತುತ್ತದೆ. ಮನೆಯಲ್ಲಿ ಕೂಸಿಗೆ ಬಾಟಲಿ. ಹಾಲಿನ ಪುಡಿ ತಿಂಗಳ ಕೊನೆಗೆ ತೆಳ್ಳಗಾಗುತ್ತದೆ, ಆಮೇಲೆ ಮೆಕ್ಕೆಜೋಳದ ಹಿಟ್ಟಿನ ಗಂಜಿಯಾಗುತ್ತದೆ. ಅದನ್ನು ಕದಡುವ ನೀರು ಡ್ರಮ್ಮಿನದು. ಏರಿಯ ಮೇಲೆ ನಲ್ಲಿ ಇದೆ, ನಲ್ಲಿಯಲ್ಲಿ ನೀರು ಬರುವುದು ಅದರ ಮನಸ್ಸು ಬಂದಾಗ. ಡ್ರಮ್ಮಿನ ತಳದಲ್ಲಿ ಹಸಿರು ಪಾಚಿ. ಕೂಸಿನ ಹೊಟ್ಟೆ ಹರಿಯುತ್ತದೆ, ಮೈಯ ನೀರೆಲ್ಲ ಹೋಗುತ್ತದೆ, ನೆತ್ತಿ ಕುಸಿಯುತ್ತದೆ. ಅಜ್ಜಿ ನೋಡುತ್ತಾಳೆ, ನೆತ್ತಿ ಬಿತ್ತು ಎನ್ನುತ್ತಾಳೆ. ಬಿದ್ದದ್ದನ್ನು ಮೇಲೆತ್ತಬೇಕು ತಾನೇ? ಅದಕ್ಕೇ ತಲೆಕೆಳಗೆ ಹಿಡಿದು ಅಂಗಾಲಿಗೆ ಬಡಿಯುವುದು, ಬಾಯೊಳಗೆ ಹೆಬ್ಬೆರಳು ಹಾಕಿ ಅಂಗುಳು ಒತ್ತುವುದು.

"ನಾನೂ ಬಡಿದಿದೀನಿ" ಎನ್ನುತ್ತಾರೆ ಎರ್ಲಿಂದಾ, ತ್ರಿನಿಯ ಕಿವಿಗೆ ಬೀಳದಂತೆ ದನಿ ಇಳಿಸಿ. "ಅಮ್ಮ ಹೇಳಿಕೊಟ್ಟಿದ್ದು. ಒಂದಷ್ಟು ಸಲ ಕೂಸು ತಾನಾಗೇ ಹುಷಾರಾಗೋದು, ಹೆಸರು ನನಗೆ ಬರೋದು. ಹುಷಾರಾಗದೇ ಇದ್ದಿದ್ದರ ಹೆಸರು ದೇವರಿಗೆ."

ಆಸ್ಪತ್ರೆಗೆ ಕಳಿಸಬೇಕು ಎಂಬ ಬುದ್ಧಿ ಅವರಿಗೆ ಬಂದು ಬಹಳ ವರ್ಷವಾಯಿತು. ಆದರೆ ಕಳಿಸಿದರೆ ಹೋಗುತ್ತಿದ್ದವರು ಯಾರು? ಅಜ್ಜಿಯರು ಬಿಡುತ್ತಿರಲಿಲ್ಲ. ಅಜ್ಜಿಯರನ್ನು ಎದುರು ಹಾಕಿಕೊಂಡು ಹೋದ ತಾಯಂದಿರು ಬೈಸಿಕೊಂಡು ವಾಪಸ್ ಬರುತ್ತಿದ್ದರು. ಎರ್ಲಿಂದಾ ಅವರಿಗೆ ಮರೆಯಲಾಗದ ಒಂದು ಕೂಸಿದೆ. ಅದರ ತಾಯಿ ಇನ್ನೂ ಹುಡುಗಿ. ಆಸ್ಪತ್ರೆಯ ಕಿಟಕಿಯಲ್ಲಿ ಕೂತವಳು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅವಳನ್ನು ಕೇಳಿದಳಂತೆ: ಯಾವ ಮಾಟಗಾತಿ ಹತ್ತಿರ ಹೋಗಿದ್ದೆ? ಕೂಸು ಸಾಯೋವರೆಗೂ ಕಾದು ಈಗ ಬಂದೆಯಾ? ಹುಡುಗಿ ಕೂಸನ್ನು ಶಾಲಿನಲ್ಲಿ ಮುಚ್ಚಿಕೊಂಡು ಹಾಗೇ ಹಿಂದಕ್ಕೆ ತಿರುಗಿದಳು. ಕೂಸು ಸಂಜೆಯವರೆಗೂ ಉಳಿಯಲಿಲ್ಲ.

"ನಾಚಿಕೆಯಿಂದ ಸತ್ತಿದ್ದು ಅದು. ಭೇದಿಯಿಂದ ಅಲ್ಲ" ಎನ್ನುತ್ತಾರೆ ಎರ್ಲಿಂದಾ.

ಮಾರನೇ ದಿನ ಅವರು ಆಸ್ಪತ್ರೆಗೆ ಹೋಗಿ ಬಾಯಿಗೆ ಬಂದಂತೆ ಕೂಗಾಡಿದರು. ಕಾವಲಿನವನು ರಟ್ಟೆ ಹಿಡಿದು ಹೊರಗೆ ಎಳೆದ. ಹಿಂದೆಯೇ ಒಬ್ಬ ನರ್ಸ್ ಬಂದರು, ರೋಸಿಬೆಲ್ ಎಂದು. ಇಬ್ಬರೂ ಆಸ್ಪತ್ರೆಯ ಗೋಡೆಗೆ ಒರಗಿ, ಗೂಡಂಗಡಿಯ ಬಾಲೆಯಾದಾ ತಿಂದರು. ರೊಟ್ಟಿಯೊಳಗಿನ ಕಾಳು ಮುಗಿಯುವಷ್ಟರಲ್ಲಿ ಒಪ್ಪಂದವಾಗಿತ್ತು. ಕೆಂಪು ದಾರ ಕಟ್ಟಿಕೊಂಡು ಬಂದ ಕೂಸನ್ನು ಕಂಡರೆ ನರ್ಸುಗಳು ಮೊದಲು ಕೂಸನ್ನು ಎತ್ತಿಕೊಳ್ಳಬೇಕು. ಯಾಕೆ ತಡ, ಎಲ್ಲಿಗೆ ಹೋಗಿದ್ದೆ, ಏನು ತಿನ್ನಿಸಿದೆ ಎಂಬುದೆಲ್ಲ ಆಮೇಲೆ. ದಾರವನ್ನು ಅವರೇ ಬಿಚ್ಚಬೇಕು, ಅಜ್ಜಿಯ ಕಣ್ಣೆದುರಿಗೇ ಬಿಚ್ಚಬೇಕು. ಹೀಗೆ ಒಂದೇ ದಾರ ಏರಿಯ ಮೇಲೆ ಒಂದು ಮಾತು ಹೇಳುತ್ತಿತ್ತು, ಆಸ್ಪತ್ರೆಯಲ್ಲಿ ಇನ್ನೊಂದು. ಅಜ್ಜಿಯರಿಗೆ ಅದು ಮದ್ದಿನ ಅರ್ಧ. ನರ್ಸುಗಳಿಗೆ ಅದರ ಅರ್ಥ ಇಷ್ಟೇ: ದಯವಿಟ್ಟು ಬೈಯಬೇಡಿ.

ಎಲ್ಲ ಸಲವೂ ಎರ್ಲಿಂದಾ ಅವರ ಲೆಕ್ಕ ಸರಿಯಿತ್ತು ಎಂದಲ್ಲ. ಒಂದು ಸಲ ಕಿರುಚಿ ಕಿರುಚಿ ನೀಲಿಗಟ್ಟಿದ ಕೂಸನ್ನು ಹೊಟ್ಟೆ, ಕಿವಿ, ನೆತ್ತಿ ಎಲ್ಲ ನೋಡಿ, ಏನೂ ತಿಳಿಯದೆ ದೃಷ್ಟಿ ತಾಗಿದೆ ಎಂದು ದಾರ ಕಟ್ಟಿ ಕಳಿಸಿದ್ದರು. ಆಸ್ಪತ್ರೆಯಲ್ಲಿ ಕಾಲುಚೀಲ ತೆಗೆದರೆ ತಾಯಿಯ ತಲೆಗೂದಲೊಂದು ಕಿರುಬೆರಳಿಗೆ ಸುತ್ತಿಕೊಂಡು ಬೆರಳು ಊದಿ ಕಪ್ಪು ದ್ರಾಕ್ಷಿಯಂತಾಗಿತ್ತು. "ನಿನ್ನ ದೃಷ್ಟಿ ಕಾಲಿನವರೆಗೂ ಹೋಗಲ್ವಾ ಮುದುಕಿ?" ಎಂದು ರೋಸಿಬೆಲ್ ಈಗಲೂ ರೇಗಿಸುತ್ತಾರೆ. ಅವತ್ತಿನಿಂದ ಏರಿಯ ಮೇಲೆ ಮೊದಲು ಕಾಲುಚೀಲ.

ಆಟೊ ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ತುರ್ತು ವಿಭಾಗದ ಕಬ್ಬಿಣದ ಗೇಟಿನ ಹೊರಗೆ ಸಾಲು ಬೀದಿಯವರೆಗೂ ಬಂದಿದೆ. ತ್ರಿನಿ ಕೂಸನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಮುಂದೆ ನುಗ್ಗುತ್ತಾರೆ. ಕಾವಲಿನವನು ತಡೆಯುತ್ತಾನೆ, ಕೂಸಿನ ಕಾಲು ನೋಡುತ್ತಾನೆ, ಜೇಬಿನಿಂದ ಚಿಕ್ಕ ಕತ್ತರಿ ತೆಗೆಯುತ್ತಾನೆ. ಯಾರೂ ಏನೂ ಅನ್ನುವಷ್ಟರಲ್ಲಿ ಕೆಂಪು ದಾರ ತುಂಡಾಗಿ ನೆಲಕ್ಕೆ ಬೀಳುತ್ತದೆ. ಅಲ್ಲಿ ಇನ್ನೂ ಕೆಲವು ಕೆಂಪು ತುಂಡುಗಳಿವೆ, ಕಾಲ್ತುಳಿತಕ್ಕೆ ಸಿಕ್ಕಿ ಮಣ್ಣಾದವು.

"ಹೊಸ ಮುಖ್ಯಸ್ಥರ ಆರ್ಡರ್" ಎಂದು ಅವನು ಗೋಡೆ ತೋರಿಸುತ್ತಾನೆ. ಗೋಡೆಯ ಮೇಲೆ ಸೂಚನೆ ಅಂಟಿಸಿದೆ: ದಾರ, ತಾಯತ, ಮಣಿಸರ ಕಟ್ಟಿಕೊಂಡು ಒಳಗೆ ಬರುವಂತಿಲ್ಲ. "ನಾನೇನ್ ಮಾಡ್ಲಿ ಅಮ್ಮ? ನನ್ನ ಹೊಟ್ಟೆಪಾಡು ಇದು."

ತ್ರಿನಿ ನೆಲದ ಮೇಲಿನ ದಾರವನ್ನೇ ನೋಡುತ್ತಾರೆ. "ಬಿಚ್ಚಿಬಿಟ್ರು" ಎನ್ನುತ್ತಾರೆ. "ದಾರೀಲೇ ಬಿಚ್ಚಿಬಿಟ್ರು. ಇನ್ನು ಒಳಗೆ ಹೋಗಿ ಏನು ಬಂತು? ನಡಿ ದಿಲ್ಸಿಯಾ. ಹೊಸದಾಗಿ ಕಟ್ಟಿಸ್ಕೊಂಡು ನಾಳೆ ಬರೋಣ."

ಕೂಸನ್ನು ಎದೆಗವುಚಿಕೊಂಡು ಅವರು ಬೀದಿಯ ಕಡೆ ತಿರುಗಿಯೇಬಿಡುತ್ತಾರೆ.

ಅರ್ಧದಿಂದ ವಾಪಸ್ ಬಂದವರು ಯಾಕೆ ಬಾಯಿ ಬಿಡಲಿಲ್ಲ ಎಂಬುದು ಆಗ ಎರ್ಲಿಂದಾ ಅವರಿಗೆ ಹೊಳೆಯುತ್ತದೆ. ಅವರೆಲ್ಲ ಇವರ ಮಾತನ್ನೇ ಪಾಲಿಸಿದ್ದರು. ದಾರಿಯಲ್ಲಿ ಬಿಚ್ಚಿದರೆ ಕೆಲಸ ಕೆಟ್ಟಿತು ಎಂದು ಇವರೇ ಹೇಳಿದ್ದರು. ಗಂಟು ಕಾಯಲಿಲ್ಲ ಎಂದು ಇವರಿಂದಲೇ ಬೈಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಕೂಸನ್ನು ಈ ಗೇಟಿನ ಒಳಗೆ ತರಲು ಹೆಣೆದ ಸುಳ್ಳು ಈಗ ಅದೇ ಗೇಟಿನಿಂದ ಕೂಸನ್ನು ಹೊರಗೆ ಒಯ್ಯುತ್ತಿದೆ.

"ನಿಲ್ಲು ತ್ರಿನಿ!"

ತ್ರಿನಿ ನಿಲ್ಲುವುದಿಲ್ಲ. ಎರ್ಲಿಂದಾ ಓಡಿಹೋಗಿ ಅಡ್ಡ ನಿಲ್ಲುತ್ತಾರೆ. ಸಾಲಿನಲ್ಲಿ ಏರಿಯ ಹೆಂಗಸರೇ ಎಷ್ಟೋ ಮಂದಿ. ಎಲ್ಲರೂ ಇವರ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡವರು, ದಾರ ಕಟ್ಟಿಸಿಕೊಂಡವರು. ಎಲ್ಲರ ಕಣ್ಣೂ ಇವರ ಮೇಲೆ.

"ದಾರದಲ್ಲಿ ಏನೂ ಇಲ್ಲ" ಎನ್ನುತ್ತಾರೆ ಎರ್ಲಿಂದಾ.

"ಏನಂದೆ?"

"ಏನೂ ಇಲ್ಲ ಅಂದೆ. ಮಂತ್ರ ಇಲ್ಲ, ಮಣ್ಣೂ ಇಲ್ಲ. ಬರೀ ದಾರ. ಎಲ್ಲಿಯ ದಾರ ಅಂತ ನಿನ್ನ ಸೊಸೆನೇ ಕೇಳು."

ದಿಲ್ಸಿಯಾ ನೆಲದಿಂದ ತುಂಡು ಎತ್ತಿ, ಎರಡು ಬೆರಳ ನಡುವೆ ಎಳೆದು ನೋಡುತ್ತಾಳೆ. ದಿನವಿಡೀ ಅವಳ ಬೆರಳ ಸಂದಿಯಲ್ಲಿ ಓಡುವ ದಾರ ಅದು. "ನಮ್ಮ ಲೈನಿಂದೇ ಅತ್ತೆ" ಎನ್ನುತ್ತಾಳೆ. "ಚಡ್ಡಿ ಹೊಲಿಯೋ ದಾರ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ.

"ಇಷ್ಟು ವರ್ಷ ನಮಗೆ ಸುಳ್ಳು ಹೇಳಿದೆಯಾ?" ತ್ರಿನಿಯ ಕಣ್ಣಲ್ಲಿ ನೀರು. "ನಮ್ಮ ಮಕ್ಕಳ ಕಾಲಿಗೆ ಚಡ್ಡಿ ದಾರ ಕಟ್ಟಿದೆಯಾ?"

"ಹೌದು. ಹೇಳಿದೆ, ಕಟ್ಟಿದೆ. ನಾಳೆ ಬಂದು ನನ್ನ ಮನೆ ಮುಂದೆ ಉಗಿ, ನಾನು ಮುಖ ಒರೆಸ್ಕೊಳ್ತೀನಿ. ಈಗ ಕೂಸು ಕೊಡು."

ತ್ರಿನಿ ಕೊಡುವುದಿಲ್ಲ. ಕಿತ್ತುಕೊಂಡವಳು ದಿಲ್ಸಿಯಾ. ಮದುವೆಯಾದಾಗಿನಿಂದ ಅತ್ತೆಯ ಎದುರು ದನಿ ಎತ್ತದ ಹುಡುಗಿ, ಕೂಸನ್ನು ಕಿತ್ತುಕೊಂಡು ಗೇಟಿನೊಳಗೆ ಓಡುತ್ತಾಳೆ.

ಒಳಗೆ ಕಿಟಕಿ. ಕಿಟಕಿಯ ಹಿಂದಿನ ಹೆಂಗಸು ತಲೆ ಎತ್ತದೆ ಜನನ ಪತ್ರ ಕೇಳುತ್ತಾಳೆ, ಗುರುತಿನ ಚೀಟಿ ಕೇಳುತ್ತಾಳೆ, ಬಡಾವಣೆಯ ಆರೋಗ್ಯ ಕೇಂದ್ರದಿಂದ ಚೀಟಿ ತಂದಿದ್ದೀಯಾ ಎಂದು ಕೇಳುತ್ತಾಳೆ. ಎಷ್ಟು ದಿನದಿಂದ ಭೇದಿ ಎಂದು ಕೇಳುತ್ತಾಳೆ. ಭಾನುವಾರದಿಂದ ಎಂದು ದಿಲ್ಸಿಯಾ ಹೇಳಿದ ಮೇಲೆ ತಲೆ ಎತ್ತುತ್ತಾಳೆ.

"ಭಾನುವಾರದಿಂದ? ಇಷ್ಟು ದಿನ ಏನ್ ಮಾಡ್ತಿದ್ದೆ ನೀನು? ತಾಯಿನಾ ನೀನು?"

ದಿಲ್ಸಿಯಾ ತಲೆ ತಗ್ಗಿಸುತ್ತಾಳೆ. ಹಿಂದಿನಿಂದ ಎರ್ಲಿಂದಾ ಅವರ ದನಿ ಇಡೀ ಹಜಾರಕ್ಕೆ ಕೇಳುವಂತೆ ಏಳುತ್ತದೆ.

"ಚಡ್ಡಿ ಹೊಲೀತಿದ್ಲು! ಯಾವುದೋ ದೇಶದವರು ಹಾಕ್ಕೊಳ್ಳೋ ಚಡ್ಡಿನ ಬೆಳಗಿಂದ ಸಂಜೆವರೆಗೂ ಹೊಲೀತಿದ್ಲು! ಒಂದು ದಿನ ಎದ್ದು ಬಂದ್ರೆ ಕೆಲಸ ಹೋಗತ್ತೆ, ಬರದೇ ಇದ್ರೆ ಕೂಸು ಹೋಗತ್ತೆ. ಇವತ್ತು ಕೆಲಸ ಬಿಟ್ಟು ಬಂದಿದಾಳೆ. ತಾಯಿನಾ ಅಂತ ಕೇಳ್ತೀಯಲ್ಲ, ಕಣ್ಣು ಬಿಟ್ಟು ನೋಡು, ಹೀಗೇ ಇರ್ತಾಳೆ ತಾಯಿ!"

ಆ ದನಿಯ ಗುರುತು ಒಳಗಿದ್ದವರಿಗೆ ಚೆನ್ನಾಗಿದೆ. ರೋಸಿಬೆಲ್ ಬಾಗಿಲು ತಳ್ಳಿಕೊಂಡು ಬರುತ್ತಾರೆ. ಕೂಸಿನ ಕಾಲು ನೋಡುತ್ತಾರೆ, ದಾರವಿಲ್ಲ. ಎರ್ಲಿಂದಾ ಅವರ ಮುಖ ನೋಡುತ್ತಾರೆ, ಅಷ್ಟು ಸಾಕು. ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಕೈಯಲ್ಲಿ ನರ ಸಿಗುವುದಿಲ್ಲ, ಕಾಲಿನಲ್ಲಿ ಸಿಗುವುದಿಲ್ಲ. ಕೊನೆಗೆ ತಲೆಯ ಕೂದಲು ಬೋಳಿಸಿ, ಕುಸಿದ ನೆತ್ತಿಯ ಪಕ್ಕದಲ್ಲೇ ಸೂಜಿ ಹಾಕುತ್ತಾರೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ತ್ರಿನಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನಾಉಮ್ ಅಳುತ್ತಾನೆ. ಕಣ್ಣೀರಿಟ್ಟು ಅಳುತ್ತಾನೆ. ಹಜಾರದಲ್ಲಿ ಆ ಸದ್ದು ಕೇಳಿ ಎರ್ಲಿಂದಾ ಗೋಡೆಗೆ ಒರಗಿ ಕೂರುತ್ತಾರೆ. ತ್ರಿನಿ ಅವರಿಂದ ಒಂದಿಷ್ಟು ದೂರದಲ್ಲಿ, ಮುಖ ಆಚೆ ತಿರುಗಿಸಿಕೊಂಡು ಕೂತಿದ್ದಾರೆ.

ಹೊಸ ಮುಖ್ಯಸ್ಥರದ್ದೂ ಒಂದು ಮಾತಿದೆ, ಅದನ್ನೂ ಕೇಳಬೇಕು. ತಲೆಕೆಳಗೆ ಮಾಡಿ ಅಲುಗಿಸಿದ ಕೂಸೊಂದು ತಲೆಯೊಳಗೆ ರಕ್ತನಾಳ ಒಡೆದು ಅವರ ಕೈಯಲ್ಲೇ ತೀರಿಕೊಂಡಿತ್ತು. ಇನ್ನೊಂದರ ಕೈಗೆ ಯಾರೋ ಬಿಗಿದ ದಾರ ಮಾಂಸದೊಳಗೆ ಇಳಿದಿತ್ತು. "ನಾನು ಅವರನ್ನು ದೂರ ಮಾಡಬೇಕು ಅಂತ ಮಾಡಿದ್ದಲ್ಲ" ಎನ್ನುತ್ತಾರೆ ಅವರು. "ಆ ಆಚರಣೆ ನಿಲ್ಲಲಿ ಅಂತ ಮಾಡಿದ್ದು."

"ಅವರು ಸುಳ್ಳು ಹೇಳ್ತಿಲ್ಲ" ಎಂದು ಎರ್ಲಿಂದಾ ಒಪ್ಪುತ್ತಾರೆ. "ಆದ್ರೆ ದಾರ ಕತ್ತರಿಸೋಕೆ ಒಬ್ಬನ್ನ ನಿಲ್ಲಿಸಿದ್ರಲ್ಲ, ಕಿಟಕೀಲಿ ಕೂತವಳ ನಾಲಿಗೆಗೆ ಒಂದು ಕಡಿವಾಣ ಹಾಕೋಕೆ ಯಾರನ್ನ ನಿಲ್ಲಿಸಿದ್ರು? ಡ್ರಮ್ಮಿನ ನೀರಿಗೆ ಯಾರನ್ನ ನಿಲ್ಲಿಸಿದ್ರು? ಕಾರ್ಖಾನೆ ಗೇಟಿಗೆ? ಎಲ್ಲ ಬಿಟ್ಟು ಕೂಸಿನ ಕಾಲಿಗೇ ಕತ್ತರಿ ಬಂತಾ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ಏರಿಯ ಮೇಲೆ ವಾಸವಿಲ್ಲ. ಸೂಚನೆ ಇನ್ನೂ ಗೋಡೆಯ ಮೇಲಿದೆ. ಕಿಟಕಿಯ ಹೆಂಗಸೂ ಅಲ್ಲೇ ಇದ್ದಾಳೆ.

ಕೆಲವು ದಿನ ಕಳೆದು ನಾಉಮ್ ಮನೆಗೆ ಬರುತ್ತಾನೆ. ದಿಲ್ಸಿಯಾ ಆಸ್ಪತ್ರೆಯ ಚೀಟಿ ಹಿಡಿದು ಕಾರ್ಖಾನೆಗೆ ಹೋಗುತ್ತಾಳೆ. ಅವಳ ಕುರ್ಚಿಯಲ್ಲಿ ಬೇರೊಬ್ಬಳು ಎಲಾಸ್ಟಿಕ್ ಕೂಡಿಸುತ್ತಿದ್ದಾಳೆ. ಈಗ ಅವಳು ಮನೆಯಲ್ಲಿದ್ದಾಳೆ. ದಿನವಿಡೀ ಕೂಸನ್ನು ಎದೆಗೆ ಹಚ್ಚಿಕೊಂಡು ಕೂತೂ ಕೂತೂ ಬತ್ತಿದ್ದ ಹಾಲು ಸ್ವಲ್ಪ ಸ್ವಲ್ಪ ಜಿನುಗುತ್ತಿದೆಯಂತೆ. ಕೆಲಸ ಹೋದ ಮೇಲೆ ಕೂಸಿಗೆ ತಾಯಿಯ ಹಾಲು ಸಿಕ್ಕಿತು. ಅವಳ ತಟ್ಟೆಗೆ ರೊಟ್ಟಿ ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇದನ್ನು ನೆನೆದರೆ ಎರ್ಲಿಂದಾ ಅವರಿಗೆ ಅಳು ಬರುವುದಿಲ್ಲ, ಏನನ್ನಾದರೂ ಎತ್ತಿ ಒಗೆಯಬೇಕು ಅನ್ನಿಸುತ್ತದೆಯಂತೆ.

ಗೇಟಿನ ಮುಂದೆ ಆಡಿದ ಮಾತು ಅವತ್ತು ಸಂಜೆಯೊಳಗೇ ಏರಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು. ಮಾರನೇ ಬೆಳಿಗ್ಗೆ ಕುರ್ಚಿ ಹಾಕಿ ಕೂತರೆ ಸಾಲೇ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಕಾಫಿ ಬಿಸಿಯಾಗಿರುವಾಗಲೇ ಕುಡಿದು ಮುಗಿಸಿದೆ ಎಂದು ಎರ್ಲಿಂದಾ ನಗುತ್ತಾರೆ, ಆ ನಗುವಿನಲ್ಲಿ ನಗು ಇಲ್ಲ. ತಾಯಿಯ ಕಾಲದಿಂದ ಬಂದ ಹೆಸರು ಒಂದೇ ಬೆಳಿಗ್ಗೆಯಲ್ಲಿ ಮಣ್ಣುಪಾಲಾಯಿತು ಎಂದು ಅವರಿಗೂ ಅನ್ನಿಸಿತ್ತು.

ಮೂರನೆಯ ದಿನ, ಬೆಳಕು ಹರಿಯುವಾಗ, ನೀಲಿ ಅಂಗಿಯ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ಹೆಗಲ ಮೇಲಿನ ಕೂಸು ಕೊಕ್ಕೊಕ್ಕನೆ ಕೆಮ್ಮುತ್ತಿತ್ತು, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಅವಳು ಕೂಸಿನ ಕಾಲನ್ನು ಮುಂದೆ ಚಾಚಿದಳು.

"ಕಟ್ಟು."

"ಇದರಲ್ಲಿ ಏನೂ ಇಲ್ಲ ಅಂತ ನೀನು ಕೇಳಿಲ್ವಾ?"

"ಕೇಳಿದೀನಿ. ನಮ್ಮತ್ತೆ ಕೇಳಿಲ್ಲ. ಬೇಗ ಕಟ್ಟು."

ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು.

ಈಗ ಸಾಲು ಮೊದಲಿನಂತೆಯೇ ಇದೆ. ಸಾಲಿನ ಕೊನೆಯಲ್ಲಿ ಕೆಲವು ದಿನ ತ್ರಿನಿಯೂ ನಿಂತಿರುತ್ತಾರೆ. ಅಕ್ಕಪಕ್ಕದ ಮನೆಯ ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಎರ್ಲಿಂದಾ ಅವರೊಂದಿಗೆ ಮಾತಿಲ್ಲ, ಕೂಸನ್ನು ಮಡಿಲಿಗೆ ಇಟ್ಟು ಮುಖ ತಿರುಗಿಸಿಕೊಳ್ಳುತ್ತಾರೆ. ಮೊನ್ನೆ ಇನ್ನೊಬ್ಬ ಅಜ್ಜಿ ತಲೆಕೆಳಗೆ ಹಿಡಿ ಎಂದು ಹಟ ಹಿಡಿದಾಗ, "ಸುಮ್ನೆ ಆಸ್ಪತ್ರೆಗೆ ನಡಿಯೇ, ಅಲ್ಲಿ ನೆತ್ತಿಗೇ ನೀರು ಹಾಕ್ತಾರೆ, ನಾನೇ ಕಣ್ಣಾರೆ ನೋಡಿದೀನಿ" ಎಂದು ಗದರಿಸಿದವರು ಇದೇ ತ್ರಿನಿ.

ದಾರ ಕಟ್ಟುವ ರೀತಿ ಮಾತ್ರ ಬದಲಾಗಿದೆ. ಮೊದಲು ಕಾಲುಚೀಲ ತೆಗೆಸುತ್ತಾರೆ, ಬೆರಳು ನೋಡುತ್ತಾರೆ. ಆಸ್ಪತ್ರೆಗೆ ಹೋಗಬೇಕಾದ ಕೂಸಾದರೆ ಪಾದದ ಗಂಟಿನ ಮೇಲೆ ಕೆಂಪು ದಾರ ಸುತ್ತುತ್ತಾರೆ, ಅದರ ಮೇಲೆ ಕಾಲುಚೀಲ ಏರಿಸಿಬಿಡುತ್ತಾರೆ. ಕಾವಲಿನವನ ಕತ್ತರಿ ಅಲ್ಲಿಗೆ ಹೋಗುವುದಿಲ್ಲ. ಹೋಗಬಾರದು ಎಂದು ಅವನಿಗೂ ಗೊತ್ತಿರುವಂತಿದೆ, ಅವನ ಹೆಂಡತಿಯೂ ನೀಲಿ ಅಂಗಿಯವಳೇ. ಒಳಗೆ ರೋಸಿಬೆಲ್, "ಏರಿಯ ಕೂಸು ಬಂದ್ರೆ ಮೊದಲು ಕಾಲುಚೀಲ ಕೆಳಗೆ ಎಳೆದು ನೋಡ್ರೇ" ಎಂದು ಜೊತೆಯವರಿಗೆಲ್ಲ ಹೇಳಿದ್ದಾರೆ.

ಏನಾದರೂ ಆಸೆ ಇದೆಯಾ ಎಂದು ಕೇಳಿದರೆ ಎರ್ಲಿಂದಾ ಸಿಟ್ಟಿನಿಂದಲೇ ನೋಡುತ್ತಾರೆ. ಆಮೇಲೆ ಜೇಬಿನಿಂದ ದಾರದ ಉಂಡೆ ತೆಗೆದು ಅಂಗೈಯಲ್ಲಿ ಹಿಡಿಯುತ್ತಾರೆ.

"ಆ ಕಿಟಕೀಲಿ ಕೂತವಳು ಒಂದೇ ಒಂದು ದಿನ, ಏನೂ ಕೇಳೋಕೆ ಮುಂಚೆ, 'ಬಾ ತಾಯಿ, ಕೂಸು ಕೊಡು' ಅನ್ನಲಿ. ಅವತ್ತು ಈ ಉಂಡೆನ ಒಲೆಗೆ ಹಾಕಿ ಅದರ ಮೇಲೆ ಕಾಫಿ ಕಾಯಿಸ್ಕೊಂಡು ಕುಡೀತೀನಿ. ನನಗೇನು ಸುಳ್ಳು ಹೇಳೋ ಚಟನಾ?"

ಏರಿಯ ತಿರುವಿನಲ್ಲಿ ಹಳದಿ ಬಸ್ಸಿನ ಹಾರ್ನು ಕೇಳಿಸುತ್ತದೆ. ಅವರು ಉಂಡೆಯನ್ನು ಜೇಬಿಗೆ ಹಾಕಿ ಟವೆಲು ಸರಿಮಾಡಿಕೊಳ್ಳುತ್ತಾರೆ.

"ಅಲ್ಲೀವರೆಗೂ ಹೀಗೇ. ಮುಂದೆ ಬಾರೇ ಮಗಳೇ, ಕಾಲುಚೀಲ ತೆಗಿ."